ಕೇರ್ ಪಟ್ಟಿ ಹೋಯಿತು. ಜರ್ನಲ್‌ಗಳನ್ನು ಇನ್ನು ಅಳೆಯುವವರು ಯಾರು?

2025ರ ಫೆಬ್ರುವರಿಯಲ್ಲಿ ವಿಶ್ವವಿದ್ಯಾಲಯ ಧನಸಹಾಯ ಆಯೋಗ (ಯುಜಿಸಿ) ತಾನು ಮಾನ್ಯ ಮಾಡಿದ ಸಂಶೋಧನಾ ಜರ್ನಲ್‌ಗಳ ‘ಕೇರ್’ ಪಟ್ಟಿಯನ್ನು ಕೈಬಿಟ್ಟಿರುವುದಾಗಿ ಸಾರ್ವಜನಿಕ ಪ್ರಕಟಣೆ ಹೊರಡಿಸಿತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಬಂದ, ಕೇಂದ್ರ ಸರ್ಕಾರ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ನೀಡುವ ಎನ್‌ಐಆರ್‌ಎಫ್ ರ‍್ಯಾಂಕಿಂಗ್‌ನಲ್ಲಿ, ಪ್ರಕಟವಾದ ಮೇಲೆ ಹಿಂಪಡೆಯಲಾದ ಪ್ರಬಂಧಗಳಿಗಾಗಿ ಸಂಸ್ಥೆಗಳ ಅಂಕ ಕಡಿತ ಮಾಡುವ ಪದ್ಧತಿ ಮೊದಲ ಬಾರಿಗೆ ಜಾರಿಯಾಯಿತು. ಎರಡನ್ನೂ ಒಟ್ಟಿಗೆ ನೋಡಿದವರಿಗೆ ಗೊಂದಲವಾದರೆ ಆಶ್ಚರ್ಯವಿಲ್ಲ. ಯಾವ ಜರ್ನಲ್ ಸರಿ ಎಂದು ಹೇಳುವ ಹೊಣೆಯಿಂದ ಒಂದು ಸಂಸ್ಥೆ ಹಿಂದೆ ಸರಿದಿದೆ, ಕೆಟ್ಟ ಪ್ರಬಂಧ ಹೊರಬಂದರೆ ದಂಡ ಎಂದು ಇನ್ನೊಂದು ಹೇಳುತ್ತಿದೆ. ಇತ್ತ ವಾಟ್ಸ್ಆ್ಯಪ್ ಗುಂಪುಗಳಲ್ಲಿ ‘ಯುಜಿಸಿ ಅನುಮೋದಿತ ಜರ್ನಲ್, ಐದೇ ದಿನದಲ್ಲಿ ಪ್ರಕಟಣೆ, ಸರ್ಟಿಫಿಕೇಟ್ ಉಚಿತ’ ಎಂಬ ಜಾಹೀರಾತುಗಳು ನಿಂತಿಲ್ಲ.

ಪಿಎಚ್‌ಡಿ ಮಾಡುತ್ತಿರುವವರು, ಬಡ್ತಿಗೆ ಕಾದಿರುವ ಅಧ್ಯಾಪಕರು, ಅವರ ಅರ್ಜಿ ನೋಡುವ ಸಮಿತಿಗಳು ಎಲ್ಲರೂ ಈಗ ಕೇಳುತ್ತಿರುವುದು ಒಂದೇ: ಪಟ್ಟಿ ಇಲ್ಲದೆ ನಂಬುವುದು ಹೇಗೆ? ಪಟ್ಟಿ ಇದ್ದಾಗ ನಂಬಬಹುದಿತ್ತೇ ಎಂಬುದನ್ನೂ ಇದರ ಜತೆಗೇ ಕೇಳಬೇಕು.

ಹೋಗಿದ್ದು ಯಾವುದು, ಉಳಿದದ್ದು ಯಾವುದು

ಕೇರ್ ಪಟ್ಟಿಯಲ್ಲಿ ಎರಡು ಗುಂಪುಗಳಿದ್ದವು. ಯುಜಿಸಿಯ ಪರವಾಗಿ ತಜ್ಞರು ಪರಿಶೀಲಿಸಿ ಸೇರಿಸಿದ ಜರ್ನಲ್‌ಗಳು ಮೊದಲನೆಯದರಲ್ಲಿ. ಈ ಕೆಲಸದ ಕೇಂದ್ರ ಪುಣೆಯ ಸಾವಿತ್ರಿಬಾಯಿ ಫುಲೆ ವಿಶ್ವವಿದ್ಯಾಲಯದಲ್ಲಿತ್ತು. ಸ್ಕೋಪಸ್ ಮತ್ತು ವೆಬ್ ಆಫ್ ಸೈನ್ಸ್ ಎಂಬ ಜಾಗತಿಕ ದತ್ತಸಂಚಯಗಳಲ್ಲಿ ಈಗಾಗಲೇ ಇರುವ ಜರ್ನಲ್‌ಗಳು ಎರಡನೆಯದರಲ್ಲಿ. ಸ್ಕೋಪಸ್ ಎಲ್ಸೆವಿಯರ್ ಕಂಪನಿಯದು, ವೆಬ್ ಆಫ್ ಸೈನ್ಸ್ ಕ್ಲಾರಿವೇಟ್ ಕಂಪನಿಯದು. ಕೇರ್ ಇದ್ದರೂ ಅವು ನಡೆಯುತ್ತವೆ, ಹೋದರೂ ನಡೆಯುತ್ತವೆ. ಹಾಗಾಗಿ ನಿಜವಾಗಿ ಕಳೆದುಹೋಗಿದ್ದು ಮೊದಲ ಗುಂಪು. ಭಾರತದ ವಿದ್ವತ್ ಸಂಘಗಳ, ವಿಶ್ವವಿದ್ಯಾಲಯಗಳ, ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳ ಜರ್ನಲ್‌ಗಳಿಗೆ ಮಾನ್ಯತೆಯ ಮುದ್ರೆ ಸಿಗುತ್ತಿದ್ದದ್ದು ಅಲ್ಲೇ.

ಪಟ್ಟಿಯ ಜಾಗದಲ್ಲಿ ಯುಜಿಸಿ ಕೊಟ್ಟಿರುವುದು ‘ಸೂಚಕ ಮಾನದಂಡ’ಗಳನ್ನು. ಸಂಪಾದಕ ಮಂಡಳಿ, ಸಂಪಾದಕೀಯ ನೀತಿ, ಸಂಶೋಧನಾ ನೈತಿಕತೆ, ಜರ್ನಲ್ ಎಷ್ಟು ಜನರಿಗೆ ತಲುಪುತ್ತದೆ ಮುಂತಾದ ತಲೆಬರಹಗಳಡಿ ಏನೇನು ನೋಡಬೇಕು ಎಂಬ ಸಲಹೆಗಳಿವು. ಇವನ್ನು ಆಧರಿಸಿ ಪ್ರತಿ ವಿಶ್ವವಿದ್ಯಾಲಯ, ಪ್ರತಿ ಕಾಲೇಜು ತನ್ನದೇ ವ್ಯವಸ್ಥೆ ಮಾಡಿಕೊಳ್ಳಬೇಕು. ಪಟ್ಟಿಯ ನಿರ್ವಹಣೆ ಒಂದೇ ಕಡೆ ಕೇಂದ್ರೀಕೃತವಾಗಿತ್ತು, ಜರ್ನಲ್ ಸೇರಿಸಲು ವಿಳಂಬವಾಗುತ್ತಿತ್ತು, ಏಕೆ ಸೇರಿಸಿದರು ಏಕೆ ತೆಗೆದರು ಎಂಬುದು ತಿಳಿಯುತ್ತಿರಲಿಲ್ಲ, ಭಾರತೀಯ ಭಾಷೆಗಳ ಒಳ್ಳೆಯ ಜರ್ನಲ್‌ಗಳು ಹೊರಗುಳಿದಿದ್ದವು ಎಂಬ ಟೀಕೆಗಳು ಈ ನಿರ್ಧಾರದ ಹಿಂದಿವೆ. ಟೀಕೆಗಳು ಸುಳ್ಳಲ್ಲ. ಪರಿಹಾರ ಸರಿಯೇ ಎಂಬುದು ಬೇರೆ ಮಾತು.

ಪಟ್ಟಿ ಹುಟ್ಟಿದ್ದೇ ಅಂಕಗಳಿಂದ

2010ರ ಯುಜಿಸಿ ನಿಯಮಾವಳಿ ಅಧ್ಯಾಪಕರ ನೇಮಕ, ಬಡ್ತಿಗೆ ‘ಎಪಿಐ’ ಎಂಬ ಅಂಕ ಪದ್ಧತಿ ತಂದಿತು. ಪ್ರಬಂಧಕ್ಕೆ ಇಷ್ಟು, ಪುಸ್ತಕಕ್ಕೆ ಇಷ್ಟು ಎಂದು ಅಂಕ ಕಟ್ಟಿದ್ದೇ ತಡ, ಅಂಕ ಮಾರುವ ಅಂಗಡಿಗಳೂ ತೆರೆದವು. ಇದು ಬರೀ ಊಹೆಯಲ್ಲ. ಲಾಭಕ್ಕಾಗಿ ಯಾವ ಪರಿಶೀಲನೆಯೂ ಇಲ್ಲದೆ ಪ್ರಕಟಿಸುವ ‘ಪ್ರಿಡೇಟರಿ’ ಜರ್ನಲ್‌ಗಳಲ್ಲಿ 2010ರಲ್ಲಿ ಸುಮಾರು 53,000 ಪ್ರಬಂಧಗಳು ಬಂದಿದ್ದವು, 2014ಕ್ಕೆ ಅವು 4.2 ಲಕ್ಷಕ್ಕೆ ಏರಿದ್ದವು ಎಂದು 2015ರ ಒಂದು ಅಂತರರಾಷ್ಟ್ರೀಯ ಅಧ್ಯಯನ ಅಂದಾಜು ಮಾಡಿತು. ಅಂಥ ಪ್ರಕಾಶಕರಲ್ಲಿ ಅತಿ ದೊಡ್ಡ ಪಾಲು ಭಾರತದ್ದು, ಕಾಲು ಭಾಗಕ್ಕೂ ಮಿಗಿಲು.

ಇದನ್ನು ತಡೆಯಲು 2017ರಲ್ಲಿ ಯುಜಿಸಿ ‘ಅನುಮೋದಿತ ಜರ್ನಲ್‌ಗಳ ಪಟ್ಟಿ’ ಹೊರಡಿಸಿತು. ಅದರಲ್ಲಿ 30,000ಕ್ಕೂ ಹೆಚ್ಚು ಹೆಸರುಗಳಿದ್ದವು. ವಿಶ್ವವಿದ್ಯಾಲಯಗಳು ಶಿಫಾರಸು ಮಾಡಿದ ಹೆಸರುಗಳನ್ನೂ ಸೇರಿಸಿಕೊಳ್ಳಲಾಗಿತ್ತು. ಎಡವಟ್ಟಾದದ್ದು ಅಲ್ಲೇ. ಈ ವಿಶ್ವವಿದ್ಯಾಲಯ ಮೂಲದ ಜರ್ನಲ್‌ಗಳಲ್ಲಿ 1,009ನ್ನು ಪರೀಕ್ಷಿಸಿದ ಸಂಶೋಧಕರ ತಂಡ 2018ರಲ್ಲಿ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಫಲಿತಾಂಶ ಪ್ರಕಟಿಸಿತು. ಮಾನದಂಡ ಮುಟ್ಟಿದವು ಕೇವಲ 112. ನೂರಕ್ಕೆ 88ರಷ್ಟು ಜೊಳ್ಳು. ಅದೇ ವರ್ಷ ಮೇ ತಿಂಗಳಲ್ಲಿ ಯುಜಿಸಿ 4,305 ಜರ್ನಲ್‌ಗಳನ್ನು ತೆಗೆದುಹಾಕಿತು. ಕಡೆಗೆ ಆ ಪಟ್ಟಿಯನ್ನೇ ಬಿಟ್ಟು 2019ರ ಜೂನ್‌ನಲ್ಲಿ ಕೇರ್ ಪಟ್ಟಿಯನ್ನು ತಂದಿತು.

ಈಗಿನ ಚರ್ಚೆಯಲ್ಲಿ ಹಲವರು ಮರೆಯುವ ಸಂಗತಿ ಇದು: 2017ರಲ್ಲಿ ಜರ್ನಲ್ ಆರಿಸುವ ಹೊಣೆಯ ಒಂದು ಭಾಗ ವಿಶ್ವವಿದ್ಯಾಲಯಗಳ ಕೈಯಲ್ಲೇ ಇತ್ತು, ಅದರ ಫಲವೇ ಆ ನೂರಕ್ಕೆ 88. 2025ರಲ್ಲಿ ಮತ್ತೆ ಅದೇ ಕೈಗಳಿಗೆ ಪೂರ್ತಿ ಹೊಣೆ ಹೋಗಿದೆ.

ಒಂದು ಪ್ರಬಂಧದ ಬೆಲೆ

ಯಾಕೆ ಜನ ದುಡ್ಡು ಕೊಟ್ಟು ಪ್ರಕಟಿಸುತ್ತಾರೆ ಎಂಬುದಕ್ಕೆ ಉತ್ತರ 2018ರ ಯುಜಿಸಿ ನಿಯಮಾವಳಿಯ ಕೋಷ್ಟಕದಲ್ಲೇ ಇದೆ. ವಿಜ್ಞಾನ ವಿಷಯಗಳಲ್ಲಿ ಒಂದು ಪ್ರಬಂಧಕ್ಕೆ 8 ಅಂಕ. ಭಾಷೆ, ಕಲೆ, ಸಮಾಜವಿಜ್ಞಾನ ಮುಂತಾದವುಗಳಲ್ಲಿ 10 ಅಂಕ. ಇದರ ಮೇಲೆ, ಜರ್ನಲ್‌ನ ಪ್ರಬಂಧಗಳನ್ನು ಸರಾಸರಿ ಎಷ್ಟು ಸಲ ಉಲ್ಲೇಖಿಸಲಾಗಿದೆ ಎಂದು ತೋರಿಸುವ ‘ಇಂಪ್ಯಾಕ್ಟ್ ಫ್ಯಾಕ್ಟರ್’ ಲೆಕ್ಕದಲ್ಲಿ ಹೆಚ್ಚುವರಿ: ಅದು 1ಕ್ಕಿಂತ ಕಡಿಮೆ ಇದ್ದರೆ 10, 1ರಿಂದ 2ರ ನಡುವೆ 15, 2ರಿಂದ 5ರ ನಡುವೆ 20, ಹೀಗೆ ಏರುತ್ತ 10ಕ್ಕೂ ಮೀರಿದರೆ 30. ಇಬ್ಬರು ಸೇರಿ ಬರೆದರೆ ತಲಾ ಶೇ 70 ಅಂಕ. ಇಬ್ಬರಿಗಿಂತ ಹೆಚ್ಚಿದ್ದರೆ ಮುಖ್ಯ ಲೇಖಕರಿಗೆ ಶೇ 70, ಉಳಿದ ಪ್ರತಿಯೊಬ್ಬರಿಗೂ ಶೇ 30.

ಕೊನೆಯ ಸಾಲನ್ನು ಗಮನಿಸಿ. ಒಬ್ಬರೇ ಬರೆದರೆ ಹುಟ್ಟುವುದು ಶೇ 100. ಇಬ್ಬರು ಬರೆದರೆ 140. ಐವರ ಹೆಸರು ಹಾಕಿದರೆ 70 ಮತ್ತು ನಾಲ್ಕು ಸಲ 30, ಒಟ್ಟು 190. ಕೆಲಸ ಒಂದೇ, ಹೆಸರು ಹೆಚ್ಚಾದಷ್ಟೂ ಅಂಕ ಹೆಚ್ಚು. ಕೈ ಹಾಕದವರ ಹೆಸರೂ ಪ್ರಬಂಧದ ಮೇಲೆ ಕೂರುವುದಕ್ಕೆ ನೈತಿಕ ಅಧಃಪತನವೊಂದೇ ಕಾರಣವಲ್ಲ, ಈ ಗುಣಾಕಾರವೂ ಕಾರಣ. ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ವಿಶ್ವವಿದ್ಯಾಲಯದ ಸಂದರ್ಶನಕ್ಕೆ ಕರೆಯುವ ಹಂತದಲ್ಲಿ ಪ್ರತಿ ಪ್ರಬಂಧಕ್ಕೆ 2 ಅಂಕ, ಗರಿಷ್ಠ 10. ಐದು ಪ್ರಬಂಧ ಇದ್ದರೆ ಪೂರ್ತಿ ಅಂಕ. ಆ ಐದರಲ್ಲಿ ಏನಿದೆ ಎಂದು ಆ ಹಂತದಲ್ಲಿ ಓದುವವರು ವಿರಳ.

ಒತ್ತಡವನ್ನು ಯುಜಿಸಿ ಒಂದಿಷ್ಟು ಇಳಿಸಿದೆ, ನಿಜ. 2022ರ ಪಿಎಚ್‌ಡಿ ನಿಯಮಾವಳಿ, ಪ್ರಬಂಧ ಪ್ರಕಟಿಸಿದ್ದರೆ ಮಾತ್ರ ಮಹಾಪ್ರಬಂಧ ಸಲ್ಲಿಸಬಹುದು ಎಂಬ ಕಡ್ಡಾಯವನ್ನು ಬಿಟ್ಟಿತು. 2025ರ ಜನವರಿಯ ಕರಡು ನಿಯಮಾವಳಿ ಅಂಕ ಲೆಕ್ಕವನ್ನೇ ಬಿಟ್ಟು ಒಂಬತ್ತು ಕ್ಷೇತ್ರಗಳಲ್ಲಿ ಗಮನಾರ್ಹ ಕೊಡುಗೆ ನೋಡುವ ಪ್ರಸ್ತಾವ ಮಾಡಿತು. ಆದರೆ ಯುಜಿಸಿ ಕಡ್ಡಾಯ ತೆಗೆದರೂ ವಿಶ್ವವಿದ್ಯಾಲಯಗಳು ತಮ್ಮ ಮಟ್ಟದಲ್ಲಿ ಅದನ್ನು ಉಳಿಸಿಕೊಳ್ಳಲು ಅಡ್ಡಿಯಿಲ್ಲ. ಎಣಿಸುವುದು ಸುಲಭ, ಓದಿ ತೂಗುವುದು ಕಷ್ಟ.

ಅಂಗಡಿ ನಡೆಯುವ ಬಗೆ

ಒಂದು ನಕಲಿ ಜರ್ನಲ್ ಶುರುಮಾಡಲು ಬೇಕಾದದ್ದು ವೆಬ್‌ಸೈಟ್, ‘ಇಂಟರ್‌ನ್ಯಾಷನಲ್ ಜರ್ನಲ್ ಆಫ್’ ಎಂದು ಆರಂಭವಾಗುವ ಹೆಸರು, ಒಂದು ಐಎಸ್‌ಎಸ್‌ಎನ್ ಸಂಖ್ಯೆ, ಯುಪಿಐ ಕೋಡ್. ಐಎಸ್‌ಎಸ್‌ಎನ್ ಇದ್ದರೆ ಸರ್ಕಾರದ ಮಾನ್ಯತೆ ಇದೆ ಎಂದು ನಂಬಿದವರು ಇಂದಿಗೂ ಇದ್ದಾರೆ. ಭಾರತದಲ್ಲಿ ಈ ಸಂಖ್ಯೆ ಕೊಡುವುದು ದೆಹಲಿಯ ಸಿಎಸ್ಐಆರ್ ಸಂಸ್ಥೆಯೊಂದರಲ್ಲಿರುವ ರಾಷ್ಟ್ರೀಯ ಕೇಂದ್ರ. ನಿಯತಕಾಲಿಕಕ್ಕೆ ಗುರುತಿನ ಸಂಖ್ಯೆ ಕೊಡುವುದಷ್ಟೇ ಅದರ ಕೆಲಸ. ಒಳಗಿನ ಸರಕಿನ ಗುಣ ಅದರ ವ್ಯಾಪ್ತಿಗೆ ಬರುವುದಿಲ್ಲ. ಪ್ರಬಂಧಗಳಿಗೆ ಸಿಗುವ ಡಿಒಐ ಸಂಖ್ಯೆಯದೂ ಅದೇ ಕಥೆ.

ಇದಕ್ಕಿಂತ ಕೆಟ್ಟದ್ದು ತದ್ರೂಪಿ ಜರ್ನಲ್. ಯಾವುದೋ ಸಂಘ ದಶಕಗಳಿಂದ ಅಚ್ಚಿನಲ್ಲಿ ಮಾತ್ರ ತರುತ್ತಿರುವ, ವೆಬ್‌ಸೈಟ್ ಇಲ್ಲದ ಪತ್ರಿಕೆಯ ಹೆಸರು ಪಟ್ಟಿಯಲ್ಲಿರುತ್ತದೆ. ವಂಚಕರು ಅದೇ ಹೆಸರಿನಲ್ಲಿ ಡೊಮೇನ್ ಕೊಂಡು, ಅದೇ ಐಎಸ್‌ಎಸ್‌ಎನ್ ಹಾಕಿ, ಸಂಪಾದಕರ ಹೆಸರನ್ನೂ ನಕಲು ಮಾಡಿ ಹಣ ವಸೂಲಿಗೆ ಕೂರುತ್ತಾರೆ. ಅಧ್ಯಾಪಕರು ಪಟ್ಟಿ ನೋಡುತ್ತಾರೆ, ಹೆಸರಿದೆ; ಸಂಖ್ಯೆ ಹೊಂದಿಸುತ್ತಾರೆ, ಹೊಂದುತ್ತದೆ; ದುಡ್ಡು ಕಟ್ಟುತ್ತಾರೆ. ಪ್ರಬಂಧ ಮಾತ್ರ ಅಸಲಿ ಪತ್ರಿಕೆಯ ಯಾವ ಸಂಚಿಕೆಯಲ್ಲೂ ಇರುವುದಿಲ್ಲ. ಇಂಥ ತದ್ರೂಪಿಗಳದ್ದೇ ಒಂದು ಪಟ್ಟಿಯನ್ನು ಕೇರ್ ಪ್ರತ್ಯೇಕವಾಗಿ ಪ್ರಕಟಿಸಬೇಕಾಯಿತು. ಪಟ್ಟಿ ಎಷ್ಟು ಅಧಿಕೃತವೋ ಅದರೊಳಗಿನ ಹೆಸರು ಕದಿಯಲು ಅಷ್ಟೇ ಲಾಭ. ಅದಕ್ಕೆ ಸುಲಭದ ಬಲಿ, ಇಂಟರ್‌ನೆಟ್‌ನಲ್ಲಿ ಗುರುತು ಮೂಡಿಸದ ಸಣ್ಣ ಸಂಘಗಳ ಪ್ರಾಮಾಣಿಕ ಪತ್ರಿಕೆಗಳು.

ಇಂಪ್ಯಾಕ್ಟ್ ಫ್ಯಾಕ್ಟರ್‌ಗೂ ನಕಲಿ ಉಂಟು. ಅಸಲಿಯನ್ನು ಪ್ರತಿವರ್ಷ ಪ್ರಕಟಿಸುವುದು ಕ್ಲಾರಿವೇಟ್. ಲೆಕ್ಕ ಸರಳ: ಒಂದು ಜರ್ನಲ್ 2022 ಮತ್ತು 2023ರಲ್ಲಿ ಒಟ್ಟು 100 ಪ್ರಬಂಧ ಪ್ರಕಟಿಸಿ, 2024ರಲ್ಲಿ ಅವುಗಳನ್ನು ಬೇರೆಯವರು 150 ಸಲ ಉಲ್ಲೇಖಿಸಿದ್ದರೆ, 2024ರ ಇಂಪ್ಯಾಕ್ಟ್ ಫ್ಯಾಕ್ಟರ್ 1.5. ಇದೇ ಹೆಸರಿಗೆ ‘ಗ್ಲೋಬಲ್’, ‘ಸೈಂಟಿಫಿಕ್’ ಎಂಬ ವಿಶೇಷಣ ಅಂಟಿಸಿ, ಕೇಳಿದಷ್ಟು ಸಂಖ್ಯೆ ಬರೆದುಕೊಡುವ ಕಂಪನಿಗಳು ಹುಟ್ಟಿಕೊಂಡಿವೆ. ಗುರುತಿಸಲು ಒಂದು ಸಣ್ಣ ದಾರಿ: 2023ರಿಂದ ಕ್ಲಾರಿವೇಟ್ ಈ ಸಂಖ್ಯೆಯನ್ನು ದಶಮಾಂಶದ ಒಂದೇ ಸ್ಥಾನಕ್ಕೆ ಕೊಡುತ್ತಿದೆ. ಈ ವರ್ಷದ ಇಂಪ್ಯಾಕ್ಟ್ ಫ್ಯಾಕ್ಟರ್ 7.429 ಎಂದು ಯಾರಾದರೂ ಮುಖಪುಟದಲ್ಲಿ ಮಿನುಗಿಸಿದ್ದರೆ ಅಲ್ಲೇ ನಿಲ್ಲಿಸಬಹುದು.

ಈ ವ್ಯಾಪಾರದ ಗಾತ್ರ ನ್ಯಾಯಾಲಯದ ದಾಖಲೆಯಲ್ಲೂ ಇದೆ. ಹೈದರಾಬಾದ್ ಮೂಲದ ಓಮಿಕ್ಸ್ ಪ್ರಕಾಶನ ಸಮೂಹದ ಮೇಲೆ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2016ರಲ್ಲಿ ಮೊಕದ್ದಮೆ ಹೂಡಿತು. ಪ್ರಕಟಣೆಗೆ ಮುನ್ನ ಅದೇ ಕ್ಷೇತ್ರದ ತಜ್ಞರಿಂದ ಪ್ರಬಂಧದ ಪರಿಶೀಲನೆ ನಡೆಯುತ್ತದೆ ಎಂದು ಸುಳ್ಳು ಹೇಳಿದ್ದು, ಒಪ್ಪಿಗೆಯಿಲ್ಲದೆ ವಿದ್ವಾಂಸರ ಹೆಸರನ್ನು ಸಂಪಾದಕ ಮಂಡಳಿಗೆ ಹಾಕಿಕೊಂಡಿದ್ದು, ಶುಲ್ಕವನ್ನು ಮುಂಚೆ ತಿಳಿಸದೇ ಇದ್ದದ್ದು ಆರೋಪಗಳು. 2019ರ ಮಾರ್ಚ್‌ನಲ್ಲಿ ನೆವಾಡಾದ ನ್ಯಾಯಾಲಯ 5.01 ಕೋಟಿ ಡಾಲರ್ ಕಟ್ಟುವಂತೆ ಆದೇಶಿಸಿತು. ಅದಕ್ಕೂ ಮುಂಚೆ, 2013ರಲ್ಲಿ, ‘ಸೈನ್ಸ್’ ಪತ್ರಿಕೆಯ ಪರವಾಗಿ ಪತ್ರಕರ್ತರೊಬ್ಬರು ಎದ್ದುಕಾಣುವ ದೋಷಗಳಿದ್ದ ಔಷಧ ಪ್ರಬಂಧವೊಂದನ್ನು 304 ಮುಕ್ತ (ಓದುಗರಿಗೆ ಉಚಿತ) ಜರ್ನಲ್‌ಗಳಿಗೆ ಕಳಿಸಿದ್ದರು. ಸ್ವೀಕರಿಸಿದವು 157, ತಿರಸ್ಕರಿಸಿದವು 98. ಹೀಗೆ ಪರೀಕ್ಷೆಗೊಳಗಾದವುಗಳಲ್ಲಿ ಮೂರನೇ ಒಂದು ಭಾಗದಷ್ಟರ ನೆಲೆ ಭಾರತ.

ದೊಡ್ಡ ಹೆಸರುಗಳೂ ಸೋತಲ್ಲಿ

ಹಾಗಿದ್ದರೆ ಸಣ್ಣವರನ್ನು ಬಿಟ್ಟು ದೊಡ್ಡ ಅಂತರರಾಷ್ಟ್ರೀಯ ಪ್ರಕಾಶಕರನ್ನು ನಂಬಿದರೆ ಸಾಕೇ? ಹಿಂದಾವಿ ಎಂಬ ಜರ್ನಲ್ ಪ್ರಕಾಶನ ಸಂಸ್ಥೆಯ ಪ್ರಕರಣ ಅದಕ್ಕೆ ಉತ್ತರ. ಅಮೆರಿಕದ ಹಳೆಯ ಪ್ರಕಾಶನ ಸಂಸ್ಥೆ ವೈಲಿ 2021ರ ಜನವರಿಯಲ್ಲಿ 29.8 ಕೋಟಿ ಡಾಲರ್ ಕೊಟ್ಟು ಹಿಂದಾವಿಯನ್ನು ಕೊಂಡಿತು. ಹಿಂದಾವಿಯ ಆದಾಯದ ಮುಖ್ಯ ಮೂಲ ‘ವಿಶೇಷ ಸಂಚಿಕೆ’ಗಳು. ಒಂದು ವಿಷಯಕ್ಕೆ ಹೊರಗಿನ ಅತಿಥಿ ಸಂಪಾದಕರನ್ನು ಕರೆದು, ಪ್ರಬಂಧ ಆರಿಸುವ ಅಧಿಕಾರ ಕೊಡುವ ಏರ್ಪಾಡು ಅದು. ಹಣ ಪಡೆದು ಪ್ರಬಂಧ ತಯಾರಿಸಿ ಮಾರುವ ‘ಪೇಪರ್ ಮಿಲ್’ಗಳಿಗೆ ಇದು ತೆರೆದ ಬಾಗಿಲಾಯಿತು. ಅತಿಥಿ ಸಂಪಾದಕರು ಅವರ ಕಡೆಯವರು, ಪರಿಶೀಲಕರು ಅವರ ಕಡೆಯವರು. ಒಬ್ಬರ ಪ್ರಬಂಧವನ್ನು ಇನ್ನೊಬ್ಬರು ಒಂದೆರಡು ಸಾಲಿನ ಹೊಗಳಿಕೆಯೊಂದಿಗೆ ದಾಟಿಸುತ್ತಿದ್ದರು.

2023ರ ಮಾರ್ಚ್‌ನಲ್ಲಿ ವೆಬ್ ಆಫ್ ಸೈನ್ಸ್ ಹಿಂದಾವಿಯ 19 ಜರ್ನಲ್‌ಗಳನ್ನು ಹೊರಹಾಕಿತು. ಅದೊಂದೇ ವರ್ಷ ಹಿಂದಾವಿ ಹಿಂಪಡೆದ ಪ್ರಬಂಧಗಳು 8,000ಕ್ಕೂ ಹೆಚ್ಚು. ಪ್ರಪಂಚದಲ್ಲಿ ಆ ವರ್ಷ ಒಟ್ಟು ಹಿಂಪಡೆತ ಮೊದಲ ಬಾರಿಗೆ 10,000 ದಾಟಿದ್ದಕ್ಕೆ ಇದೇ ಮುಖ್ಯ ಕಾರಣ. ಕೊನೆಗೆ ವೈಲಿ ಹಿಂದಾವಿ ಎಂಬ ಹೆಸರನ್ನೇ ಬಿಟ್ಟಿತು. ಈ ಜರ್ನಲ್‌ಗಳಲ್ಲಿ ಪ್ರಾಮಾಣಿಕ ಕೆಲಸ ಪ್ರಕಟಿಸಿದವರೂ ಇದ್ದರು. ಪ್ರಬಂಧ ಸಲ್ಲಿಸುವಾಗ ದತ್ತಸಂಚಯದೊಳಗೆ ಇದ್ದ ಜರ್ನಲ್ ಬಡ್ತಿ ಅರ್ಜಿ ಹಾಕುವ ಹೊತ್ತಿಗೆ ಹೊರಗಿತ್ತು.

ಮೋಸ ಹೊರಬಿದ್ದ ಬಗೆಯೂ ತಿಳಿಯಬೇಕಾದದ್ದು. ಫ್ರಾನ್ಸಿನ ಕಂಪ್ಯೂಟರ್ ವಿಜ್ಞಾನಿ ಗಿಯೋಮ್ ಕಬನಾಕ್ ಮತ್ತು ಜತೆಗಾರರು 2021ರಲ್ಲಿ ‘ಹಿಂಸಿತ ಪದಪುಂಜ’ಗಳನ್ನು ಬೆನ್ನಟ್ಟಿದರು. ಪ್ರಬಂಧಗಳಲ್ಲಿ ‘ಆರ್ಟಿಫಿಶಿಯಲ್ ಇಂಟೆಲಿಜೆನ್ಸ್’ ಇರಬೇಕಾದಲ್ಲಿ ‘ಕೌಂಟರ್‌ಫಿಟ್ ಕಾನ್ಶಿಯಸ್‌ನೆಸ್’, ‘ಬ್ರೆಸ್ಟ್ ಕ್ಯಾನ್ಸರ್’ ಇರಬೇಕಾದಲ್ಲಿ ‘ಬೂಸಮ್ ಪೆರಿಲ್’ ಎಂದಿತ್ತು. ಯಾವ ವೈದ್ಯರೂ ಹೀಗೆ ಬರೆಯುವುದಿಲ್ಲ. ಬೇರೆಯವರ ಬರಹ ಕದ್ದು, ಅದು ಸಿಕ್ಕಿಬೀಳದಂತೆ ಪ್ರತಿ ಪದಕ್ಕೂ ಪರ್ಯಾಯ ಹಾಕುವ ತಂತ್ರಾಂಶಕ್ಕೆ ಕೊಟ್ಟಾಗ ಬರುವ ಕಸ ಇದು. ಪರಿಶೀಲಕರಲ್ಲಿ ಒಬ್ಬರಾದರೂ ಓದಿದ್ದರೆ ಈ ಸಾಲುಗಳು ಅಚ್ಚಾಗುತ್ತಿರಲಿಲ್ಲ.

ಈ ಹುಚ್ಚಾಟಕ್ಕೆ ಪ್ರೇರಣೆ ಎಲ್ಲಿಂದ ಎಂದು ಕೇಳಿದರೆ ನಮ್ಮ ಕೃತಿಚೌರ್ಯ ನಿಯಮವನ್ನೂ ನೋಡಬೇಕು. 2018ರ ಯುಜಿಸಿ ನಿಯಮದಂತೆ ಬೇರೆ ಬರಹಗಳೊಂದಿಗೆ ಹೋಲಿಕೆ ಶೇ 10ರವರೆಗೆ ಇದ್ದರೆ ದಂಡವಿಲ್ಲ. 10ರಿಂದ 40 ಮೊದಲ ಹಂತ, 40ರಿಂದ 60 ಎರಡನೆಯದು, ಅದಕ್ಕೂ ಮೇಲೆ ಮೂರನೆಯದು. ಪ್ರಕಟಿತ ಬರಹದಲ್ಲಿ ಮೂರನೇ ಹಂತದ ಹೋಲಿಕೆ ಸಾಬೀತಾದರೆ ಎರಡು ವಾರ್ಷಿಕ ವೇತನ ಬಡ್ತಿ ಹೋಗುತ್ತದೆ, ಮೂರು ವರ್ಷ ಹೊಸ ವಿದ್ಯಾರ್ಥಿಗಳಿಗೆ ಮಾರ್ಗದರ್ಶನ ಮಾಡುವಂತಿಲ್ಲ. ಕಟ್ಟುನಿಟ್ಟಾಗಿಯೇ ಇದೆ. ಆದರೆ ತಂತ್ರಾಂಶ ಅಳೆಯುವುದು ಪದಗಳ ಹೋಲಿಕೆಯನ್ನು, ಕಳ್ಳತನವನ್ನಲ್ಲ. ಬೇರೆಯವರ ವಿಚಾರವನ್ನು ಪೂರ್ತಿ ಕದ್ದು ಪದ ಬದಲಿಸಿದರೆ ಶೇ 4 ಬರಬಹುದು. ಕಾನೂನಿನ ಸೆಕ್ಷನ್‌ಗಳನ್ನೋ ಪ್ರಯೋಗದ ವಿಧಾನವನ್ನೋ ಇದ್ದ ಹಾಗೆ ಬರೆದ ಪ್ರಾಮಾಣಿಕ ವಿದ್ಯಾರ್ಥಿಗೆ ಶೇ 18 ಬರಬಹುದು. ಎರಡನೆಯವರು ವರದಿ ಹಿಡಿದು ಅಲೆಯುತ್ತಾರೆ, ಮೊದಲನೆಯವರಿಗೆ ಸರ್ಟಿಫಿಕೇಟ್ ಸಿಗುತ್ತದೆ. ಈಗ ಕೃತಕ ಬುದ್ಧಿಮತ್ತೆಯ ಚಾಟ್‌ಬಾಟ್‌ಗಳು ಸರಾಗವಾದ ಇಂಗ್ಲಿಷಿನಲ್ಲೇ ಬರೆದುಕೊಡುವುದರಿಂದ ‘ಬೂಸಮ್ ಪೆರಿಲ್’ನಂಥ ಸುಳಿವೂ ಸಿಗದು. ಆಗಾಗ ಅಜಾಗರೂಕತೆ ಮಾತ್ರ ಕೈಕೊಡುತ್ತದೆ: 2024ರಲ್ಲಿ ಎಲ್ಸೆವಿಯರ್‌ನ ಜರ್ನಲ್ ಒಂದರ ಪ್ರಬಂಧ ‘ಖಂಡಿತ, ನಿಮ್ಮ ವಿಷಯಕ್ಕೆ ಒಂದು ಸಂಭಾವ್ಯ ಪೀಠಿಕೆ ಇಲ್ಲಿದೆ’ ಎಂಬರ್ಥದ ಚಾಟ್‌ಬಾಟ್ ಮಾತಿನೊಂದಿಗೇ ಆರಂಭವಾಗಿತ್ತು. ಲೇಖಕರು, ಪರಿಶೀಲಕರು, ಸಂಪಾದಕರು, ಪ್ರೂಫ್ ನೋಡಿದವರು ಎಲ್ಲರ ಕಣ್ಣನ್ನೂ ದಾಟಿಬಂದ ಮೊದಲ ವಾಕ್ಯ ಅದು!

ನೀನು ಚಾಪೆ ಕೆಳಗೆ ತೂರಿದರೆ ನಾನು ರಂಗೋಲಿ ಕೆಳಗೆ ತೂರುತ್ತೇನೆ ಎಂಬ ಗಾದೆ ಇಲ್ಲಿ ಅಕ್ಷರಶಃ ನಡೆದಿದೆ. ಪಟ್ಟಿ ತಂದರೆ ಪಟ್ಟಿಯ ಹೆಸರು ಕದ್ದರು, ಇಂಪ್ಯಾಕ್ಟ್ ಫ್ಯಾಕ್ಟರ್ ಕೇಳಿದರೆ ಅದನ್ನೇ ಮಾರಿದರು, ಶೇಕಡಾವಾರು ಮಿತಿ ಹಾಕಿದರೆ ಪದ ತಿರುಚುವ ಯಂತ್ರ ತಂದರು.

ಪಟ್ಟಿ ಬೇಕು ಎನ್ನುವವರು, ಬೇಡ ಎನ್ನುವವರು

ಪಟ್ಟಿ ಇರಬೇಕಿತ್ತು ಎನ್ನುವವರ ವಾದದಲ್ಲಿ ಹುರುಳಿದೆ. ಜಿಲ್ಲಾ ಕೇಂದ್ರದ ಪದವಿ ಕಾಲೇಜೊಂದು ಸಸ್ಯಶಾಸ್ತ್ರದಿಂದ ಸಂಸ್ಕೃತದವರೆಗೆ ಎಲ್ಲ ವಿಷಯಗಳ ಜರ್ನಲ್‌ಗಳನ್ನು ತಾನೇ ಪರೀಕ್ಷಿಸುವುದು ಆಗುಹೋಗುವ ಮಾತಲ್ಲ. ಆಂತರಿಕ ಸಮಿತಿಯಲ್ಲಿ ಕೂರುವವರು ಅರ್ಜಿದಾರರ ಸಹೋದ್ಯೋಗಿಗಳು. ನಿಮ್ಮ ಜರ್ನಲ್ ಸರಿಯಿಲ್ಲ ಎಂದು ಪಕ್ಕದ ಕುರ್ಚಿಯವರಿಗೆ ಹೇಳುವುದಕ್ಕಿಂತ ಪಟ್ಟಿಯಲ್ಲಿ ಇಲ್ಲ ಎಂದು ಹೇಳುವುದು ಸುಲಭವಾಗಿತ್ತು. ಜತೆಗೆ ಒಂದೇ ಜರ್ನಲ್ ಒಂದು ವಿಶ್ವವಿದ್ಯಾಲಯದಲ್ಲಿ ಸಲ್ಲುವುದು, ಇನ್ನೊಂದರಲ್ಲಿ ಸಲ್ಲದೇ ಇರುವುದು ಆರಂಭವಾದರೆ ವ್ಯಾಜ್ಯಗಳು ನ್ಯಾಯಾಲಯಕ್ಕೆ ಹೋಗುತ್ತವೆ.

ಬೇಡ ಎನ್ನುವವರು ಹೇಳುವುದೂ ನಿಜ: ಪಟ್ಟಿಯಿಂದಾಗಿ ಪ್ರಬಂಧ ಓದುವ ಅಭ್ಯಾಸವೇ ಹೋಯಿತು. ಒಳ್ಳೆಯ ಜರ್ನಲ್‌ನಲ್ಲಿ ಕಳಪೆ ಪ್ರಬಂಧ ಬರುತ್ತದೆ, ಪಟ್ಟಿಯ ಹೊರಗೆ ಒಳ್ಳೆಯದೂ ಬರುತ್ತದೆ. ಹೆಸರು ನೋಡಿ ಅಂಕ ಕೊಟ್ಟರೆ ಎರಡಕ್ಕೂ ಅನ್ಯಾಯ. ಮೂರನೆಯ ಗುಂಪೊಂದಿದೆ, ಸಮಸ್ಯೆ ಪ್ರಬಂಧದ ಎಣಿಕೆಯಲ್ಲೇ ಇದೆ ಎನ್ನುವವರದು. ಮುಖ್ಯವಾಗಿ ಪಾಠ ಮಾಡಲೆಂದೇ ನೇಮಕವಾದ ಕಾಲೇಜು ಅಧ್ಯಾಪಕರಿಂದ, ಪ್ರಯೋಗಾಲಯವಾಗಲಿ ಗ್ರಂಥಾಲಯವಾಗಲಿ ಸಮಯವಾಗಲಿ ಕೊಡದೆ, ಸಂಶೋಧನೆ ನಿರೀಕ್ಷಿಸುವುದೇ ತಪ್ಪು ಎಂಬುದು ಅವರ ನಿಲುವು. ಮೇಲಿನ ಅಂಕಗಳ ಕೋಷ್ಟಕ ನೋಡಿದರೆ ಈ ಮೂರನೆಯ ವಾದವೇ ಬೇರಿಗೆ ಹತ್ತಿರವಿದೆ. ಪಟ್ಟಿ ತೆಗೆದು ಎಣಿಕೆ ಉಳಿಸಿದರೆ, ಇದ್ದ ಒಂದು ತಡೆಯೂ ಹೋಗಿ ಬೇಡಿಕೆ ಮಾತ್ರ ಉಳಿಯುತ್ತದೆ.

ಹಿಂಪಡೆತಕ್ಕೆ ದಂಡ: ಎರಡು ಅಲಗಿನ ನಿಯಮ

ಪ್ರಬಂಧ ಹಿಂಪಡೆಯುವುದು ಎಂದರೆ ಅಳಿಸಿಹಾಕುವುದಲ್ಲ. ಅದು ವೆಬ್‌ಸೈಟ್‌ನಲ್ಲೇ ಇರುತ್ತದೆ. ಇದನ್ನು ನಂಬಬೇಡಿ ಎಂಬ ಗುರುತಿನೊಂದಿಗೆ, ಕಾರಣ ಹೇಳುವ ಪ್ರಕಟಣೆಯೊಂದಿಗೆ. ಕಾರಣಗಳು ಒಂದೇ ತೂಕದವಲ್ಲ. ಇಲ್ಲದ ದತ್ತಾಂಶ ಹುಟ್ಟುಹಾಕಿದ್ದು, ಚಿತ್ರ ತಿದ್ದಿದ್ದು, ಪರಿಶೀಲಕರ ಸುಳ್ಳು ಇಮೇಲ್ ಸೃಷ್ಟಿಸಿದ್ದು ವಂಚನೆ. ಆ ಕೊನೆಯ ಕಾರಣಕ್ಕೇ 2017ರಲ್ಲಿ ‘ಟ್ಯೂಮರ್ ಬಯಾಲಜಿ’ ಜರ್ನಲ್‌ನ 107 ಪ್ರಬಂಧಗಳನ್ನು ಒಂದೇ ಸಲ ಹಿಂಪಡೆಯಲಾಗಿತ್ತು. ಆದರೆ ಲೆಕ್ಕದಲ್ಲಿ ದೋಷ ಕಂಡು ಲೇಖಕರೇ ಮುಂದೆ ಬಂದು ಹಿಂಪಡೆಯುವುದೂ ಉಂಟು. ವಿಜ್ಞಾನ ತನ್ನನ್ನು ತಾನು ತಿದ್ದಿಕೊಳ್ಳುವ ರೀತಿಯೇ ಅದು.

ದಂಡ ಹಾಕುವಾಗ ಎರಡನ್ನೂ ಒಂದೇ ತಕ್ಕಡಿಗೆ ಹಾಕಿದರೆ ಆಗುವುದು ಊಹಿಸಲು ಕಷ್ಟವಲ್ಲ. ದೋಷ ಕಂಡವರು ಬಾಯಿಮುಚ್ಚಿಕೊಳ್ಳುತ್ತಾರೆ, ದೂರು ಬಂದರೆ ಸಂಸ್ಥೆ ತನಿಖೆ ಎಳೆಯುತ್ತದೆ, ಹಿಂಪಡೆತದ ಬದಲು ತಿದ್ದುಪಡಿ ಸಾಕು ಎಂದು ಪ್ರಕಾಶಕರ ಮೇಲೆ ಒತ್ತಡ ಬರುತ್ತದೆ. ಮತ್ತೊಂದು ಬದಿಯಲ್ಲಿ, ವರ್ಷಕ್ಕೆ ನೂರಾರು ಪ್ರಬಂಧ ಹೊರಡಿಸಿ ರ‍್ಯಾಂಕ್ ಏರುವುದೇ ಕಸುಬಾಗಿದ್ದ ಸಂಸ್ಥೆಗಳಿಗೆ ಇದು ಮೊದಲ ಬಿಸಿ. ಆಡಳಿತ ಮಂಡಳಿಗೆ ನೀತಿಪಾಠ ಹೇಳುವುದಕ್ಕಿಂತ ರ‍್ಯಾಂಕ್ ಇಳಿಯುವ ಭಯ ಬೇಗ ಕೆಲಸ ಮಾಡುತ್ತದೆ. ಕಾರಣವಾರು ವಿಂಗಡಿಸಿ, ಲೇಖಕರೇ ಮುಂದಾಗಿ ತಿದ್ದಿಕೊಂಡ ಪ್ರಕರಣಗಳನ್ನು ಲೆಕ್ಕದಿಂದ ಹೊರಗಿಟ್ಟರೆ ಈ ನಿಯಮ ಉಪಯೋಗಕ್ಕೆ ಬರುತ್ತದೆ. ಅದಕ್ಕೆ ಬೇಕಾದ ಮಾಹಿತಿಯೂ ಇದೆ: ಹಿಂಪಡೆದ ಪ್ರಬಂಧಗಳನ್ನು ದಾಖಲಿಸುವ ‘ರಿಟ್ರಾಕ್ಷನ್ ವಾಚ್’ ದತ್ತಸಂಚಯ 2023ರಿಂದ ಕ್ರಾಸ್‌ರೆಫ್ ಸಂಸ್ಥೆಯ ಮೂಲಕ ಎಲ್ಲರಿಗೂ ಉಚಿತ, ಪ್ರತಿ ಹಿಂಪಡೆತದ ಕಾರಣವೂ ಅದರಲ್ಲಿ ದಾಖಲಾಗಿದೆ.

ಕಳಿಸುವ ಮುನ್ನ ನೋಡಬೇಕಾದದ್ದು

ಪಟ್ಟಿಯಿಲ್ಲದ ಈ ಹೊತ್ತಿನಲ್ಲಿ ಲೇಖಕರು ಅರ್ಧ ಗಂಟೆ ಕೊಟ್ಟರೆ ಬಹುಪಾಲು ವಂಚನೆ ಬಯಲಾಗುತ್ತದೆ. ಮೊದಲು ಐಎಸ್‌ಎಸ್‌ಎನ್. ಎಂಟು ಅಂಕಿಗಳಲ್ಲಿ ಕೊನೆಯದು ಪರೀಕ್ಷಾ ಅಂಕಿ. ‘ಕರೆಂಟ್ ಸೈನ್ಸ್’ನ 0011-3891 ತೆಗೆದುಕೊಳ್ಳಿ. ಮೊದಲ ಏಳು ಅಂಕಿಗಳನ್ನು ಕ್ರಮವಾಗಿ 8, 7, 6, 5, 4, 3, 2ರಿಂದ ಗುಣಿಸಿ ಕೂಡಿದರೆ 65. ಅದನ್ನು 11ರಿಂದ ಭಾಗಿಸಿದರೆ ಶೇಷ 10. ಹನ್ನೊಂದರಲ್ಲಿ ಹತ್ತು ಕಳೆದರೆ 1, ಅದೇ ಕೊನೆಯ ಅಂಕಿ. ಮನಬಂದಂತೆ ಹಾಕಿದ ಸಂಖ್ಯೆಯಾದರೆ ಸಾಮಾನ್ಯವಾಗಿ ಇಲ್ಲೇ ಎಡವುತ್ತದೆ. ಕದ್ದ ಸಂಖ್ಯೆಯಾದರೆ ಇದರಲ್ಲಿ ಪಾಸಾಗುತ್ತದೆ. ಆದ್ದರಿಂದ ಅಂತರರಾಷ್ಟ್ರೀಯ ಐಎಸ್‌ಎಸ್‌ಎನ್ ಪೋರ್ಟಲ್‌ನಲ್ಲಿ ಆ ಸಂಖ್ಯೆ ಹುಡುಕಿ ಹೆಸರು, ಪ್ರಕಾಶಕರು, ಊರು, ಅಚ್ಚೋ ಆನ್‌ಲೈನೋ ಎಂಬುದನ್ನು ವೆಬ್‌ಸೈಟ್‌ನೊಂದಿಗೆ ಹೋಲಿಸಬೇಕು. ಅಚ್ಚಿನ ಪತ್ರಿಕೆ ಎಂದು ನೋಂದಣಿಯಾಗಿದ್ದು ಆನ್‌ಲೈನ್‌ನಲ್ಲಿ ಮಾತ್ರ ಕಾಣುತ್ತಿದ್ದರೆ ತದ್ರೂಪಿಯ ಅನುಮಾನ ಬಲವಾಗುತ್ತದೆ.

ಸ್ಕೋಪಸ್‌ನಲ್ಲಿದೆ ಎಂದು ಜರ್ನಲ್ ತಾನೇ ಹೇಳಿಕೊಂಡರೆ ಸಾಲದು. ಸ್ಕೋಪಸ್‌ನ ಮೂಲಪಟ್ಟಿಯಲ್ಲಿ ಹೆಸರು ಹುಡುಕಿ, ಯಾವ ವರ್ಷದವರೆಗೆ ಸೇರಿಸಿಕೊಂಡಿದ್ದಾರೆ ಎಂಬ ಸಾಲು ನೋಡಬೇಕು. 2021ಕ್ಕೆ ನಿಂತಿದ್ದರೆ ಈಗಿನ ಪ್ರಬಂಧ ಅದರೊಳಗೆ ಬರುವುದಿಲ್ಲ. ಅಲ್ಲಿ ಕೊಟ್ಟಿರುವ ಕೊಂಡಿಯಿಂದಲೇ ಜರ್ನಲ್‌ಗೆ ಹೋಗಬೇಕು, ಗೂಗಲ್‌ನಲ್ಲಿ ಮೊದಲು ಸಿಕ್ಕಿದ್ದರಿಂದ ಅಲ್ಲ. ಸಲ್ಲಿಸಿದ ದಿನದ ಆ ಪುಟವನ್ನು ಪಿಡಿಎಫ್ ಮಾಡಿಟ್ಟುಕೊಂಡರೆ, ಮುಂದೆ ಜರ್ನಲ್ ಹೊರಬಿದ್ದಾಗ ಸಮಿತಿಯ ಮುಂದೆ ಆಧಾರವಾಗುತ್ತದೆ.

ಆಮೇಲೆ ಸಂಪಾದಕ ಮಂಡಳಿ. ಮೂವರನ್ನು ಆರಿಸಿ, ಅವರ ವಿಶ್ವವಿದ್ಯಾಲಯದ ಪುಟದಲ್ಲಿ ಈ ಹೊಣೆಯ ಉಲ್ಲೇಖ ಇದೆಯೇ ನೋಡಿ, ಒಬ್ಬರಿಗಾದರೂ ಇಮೇಲ್ ಮಾಡಿ ಕೇಳಬಹುದು. ಹಳೆಯ ಸಂಚಿಕೆಯ ಎರಡು ಪ್ರಬಂಧಗಳನ್ನು ತೆರೆದು ಸಲ್ಲಿಸಿದ ದಿನ, ಪರಿಷ್ಕರಿಸಿದ ದಿನ, ಒಪ್ಪಿದ ದಿನ ನೋಡಬೇಕು. ಮೂರೂ ಒಂದೇ ವಾರದೊಳಗಿದ್ದರೆ ಪರಿಶೀಲನೆ ನಡೆದಿಲ್ಲ. ಒಂದೇ ಸಂಚಿಕೆಯಲ್ಲಿ ಜಾನಪದ, ನ್ಯಾನೊ ತಂತ್ರಜ್ಞಾನ, ಬ್ಯಾಂಕಿಂಗ್ ಎಲ್ಲ ಒಟ್ಟಿಗೆ ಇದ್ದರೂ ಅಷ್ಟೇ. ಶುಲ್ಕ ಕೇಳುವುದೇ ಮೋಸದ ಗುರುತಲ್ಲ; ಪ್ರತಿಷ್ಠಿತ ‘ನೇಚರ್’ ಕೂಡ ಮುಕ್ತ ಪ್ರಕಟಣೆಗೆ ಮೊದಲು 9,500 ಯೂರೊ ಶುಲ್ಕ ಗೊತ್ತುಪಡಿಸಿತ್ತು. ಪ್ರಬಂಧ ಒಪ್ಪುವ ಮುಂಚೆಯೇ, ವ್ಯಕ್ತಿಯೊಬ್ಬರ ಖಾತೆಗೆ, ರಸೀದಿಯಿಲ್ಲದೆ ಕಟ್ಟಿ ಎಂದರೆ ಅದು ಗುರುತು.

ಕನ್ನಡದಲ್ಲಿ ಬರೆಯುವವರ ಪಾಡು

ಪಟ್ಟಿ ರದ್ದತಿಯ ಅತಿ ದೊಡ್ಡ ಪೆಟ್ಟು ಇಲ್ಲಿ ಬೀಳುವ ಸಂಭವವಿದೆ. ಸ್ವಂತ ವ್ಯವಸ್ಥೆ ಮಾಡಿಕೊಳ್ಳಿ ಎಂದರೆ ಬಹುತೇಕ ಸಂಸ್ಥೆಗಳಿಗೆ ಸುಲಭದ ದಾರಿ ಒಂದೇ: ಸ್ಕೋಪಸ್ ಅಥವಾ ವೆಬ್ ಆಫ್ ಸೈನ್ಸ್‌ನಲ್ಲಿ ಇದ್ದರೆ ಮಾತ್ರ ಎಂದು ಸುತ್ತೋಲೆ ಹೊರಡಿಸುವುದು. ಆ ಎರಡೂ ಇಂಗ್ಲಿಷ್ ಕೇಂದ್ರಿತ ದತ್ತಸಂಚಯಗಳು. ಶಾಸನ, ಹಸ್ತಪ್ರತಿ, ಛಂದಸ್ಸು, ಜಾನಪದದ ಮೇಲೆ ಕನ್ನಡದಲ್ಲಿ ಬರೆದ ಪ್ರಬಂಧವನ್ನು ಓದಿ ಬೆಲೆ ಕಟ್ಟಬಲ್ಲ ಪರಿಶೀಲಕರು ಅಲ್ಲಿಲ್ಲ. ಭಾರತೀಯ ಭಾಷೆಗಳ ಜರ್ನಲ್‌ಗಳಿಗೆ ಅನ್ಯಾಯವಾಗಿದೆ ಎಂಬುದೂ ಕೇರ್ ಪಟ್ಟಿಯನ್ನು ಬಿಡಲು ಒಂದು ಕಾರಣವಾಗಿತ್ತು. ಬಿಟ್ಟ ಮೇಲೆ ಆ ಅನ್ಯಾಯ ಹೆಚ್ಚುವ ಹಾಗೆ ಕಾಣುತ್ತಿದೆ.

ಇದನ್ನು ತಪ್ಪಿಸಲು ರಾಜ್ಯದ ವಿಶ್ವವಿದ್ಯಾಲಯಗಳು ಒಟ್ಟಾಗಿ ಮಾಡಬಹುದಾದ ಕೆಲಸಗಳಿವೆ, ಅವುಗಳಿಗೆ ಕೋಟಿಗಟ್ಟಲೆ ಹಣ ಬೇಕಿಲ್ಲ. ಕನ್ನಡ ಜರ್ನಲ್‌ಗಳ ಹಳೆಯ ಸಂಚಿಕೆಗಳನ್ನು ವಿಶ್ವವಿದ್ಯಾಲಯದ ಸರ್ವರ್‌ನಲ್ಲೇ ಇಟ್ಟರೆ ತದ್ರೂಪಿಗಳ ಬಾಗಿಲು ಅರ್ಧ ಮುಚ್ಚುತ್ತದೆ. ಪ್ರತಿ ಪ್ರಬಂಧದ ಕೊನೆಗೆ ಸಲ್ಲಿಸಿದ, ಒಪ್ಪಿದ ದಿನಾಂಕ ಹಾಕಬೇಕು. ವರ್ಷಕ್ಕೊಮ್ಮೆ ಪರಿಶೀಲಕರ ಹೆಸರುಗಳನ್ನು ಒಟ್ಟಾಗಿ ಪ್ರಕಟಿಸಬೇಕು. ಲೇಖಕರಿಂದ ಹಣ ಪಡೆಯದೆ, ಓದುಗರಿಗೂ ಉಚಿತವಾಗಿ ಜರ್ನಲ್ ನಡೆಸುವ ಮಾದರಿ ಬೆಂಗಳೂರಿನಲ್ಲೇ ಇದೆ: ಸಿ.ವಿ. ರಾಮನ್ 1934ರಲ್ಲಿ ಕಟ್ಟಿದ ಭಾರತೀಯ ವಿಜ್ಞಾನ ಅಕಾಡೆಮಿ ತನ್ನ ಜರ್ನಲ್‌ಗಳನ್ನು ಎಲ್ಲರೂ ಓದಲು ಮುಕ್ತವಾಗಿಟ್ಟಿದೆ.

ಬಡ್ತಿ ಸಮಿತಿಗಳ ಮಟ್ಟದಲ್ಲಿ ನಾಳೆಯೇ ತರಬಹುದಾದ ಬದಲಾವಣೆಯೂ ಇದೆ. ಅರ್ಜಿದಾರರು ಎಲ್ಲ ಪ್ರಬಂಧಗಳ ಪಟ್ಟಿಯ ಬದಲು ತಮ್ಮ ಆಯ್ಕೆಯ ಮೂರು ಪ್ರಬಂಧಗಳನ್ನು ಪೂರ್ತಿಯಾಗಿ ಕೊಡಲಿ, ಹೊರಗಿನ ಇಬ್ಬರು ವಿಷಯತಜ್ಞರು ಓದಿ ತಲಾ ಒಂದು ಪುಟ ಬರೆಯಲಿ. ಇದಕ್ಕೆ ತಗಲುವ ಖರ್ಚು ತಜ್ಞರ ಗೌರವಧನ, ಜತೆಗೆ ಕೆಲವು ವಾರಗಳ ಸಮಯ. ನಕಲಿ ಜರ್ನಲ್‌ಗೆ ಕಟ್ಟಿದ ದುಡ್ಡು ಅಲ್ಲಿ ಅರ್ಜಿದಾರರಿಗೆ ಒಂದು ಅಂಕವನ್ನೂ ತಂದುಕೊಡುವುದಿಲ್ಲ.